ಮಾವನ ಕೋವಿಗೊಂದು ದುರ್ಬೀನು

ನನ್ನ ಸೋದರಮಾವ ಜೀವಮಾನದಲ್ಲಿ ಹೊಡೆದದ್ದು ಮೂರು ಹಂದಿ. ಹೇಳುವಾಗ ಅದು ಮೂವತ್ತಾಗುತ್ತಿತ್ತು. ಕೇಳುವವರು ಹೊಸಬರಾದರೆ ಒಂದು ಚಿರತೆಯೂ ಬಂದು ಸೇರಿಕೊಳ್ಳುತ್ತಿತ್ತು. ಬೇಟೆಗೆ ಕಾನೂನು ಬೀಗ ಹಾಕಿ ಆಗಲೇ ಇಪ್ಪತ್ತು ವರ್ಷ ದಾಟಿದ್ದರೂ ಮಾವನ ಮಾತಿನ ಕಾಡಿನಲ್ಲಿ ಮಾತ್ರ ಹಂದಿಗಳ ಸಂಖ್ಯೆ ಏರುತ್ತಲೇ ಇತ್ತು. ನಾನು ಚಿಕ್ಕಂದಿನಲ್ಲಿ ಅದನ್ನೆಲ್ಲ ನಂಬಿದ್ದೆ. ನಂಬಿದ್ದೆನಲ್ಲ ಎಂಬ ಸಿಟ್ಟು ದೊಡ್ಡವನಾದ ಮೇಲೆ ಬಂತು, ಬಂದದ್ದು ಹೋಗಲಿಲ್ಲ.

ಆ ಹಂದಿಗಳನ್ನು ಹೊಡೆದ ರೈಫಲ್ ಮಾವನಿಗೆ ಬಂದದ್ದು ಅವರ ಸೋದರಮಾವನಿಂದ. ಅವರಿಗೆ ಕೊಟ್ಟವನು ಘಟ್ಟದ ಮೇಲಿನ ಕಾಫಿ ತೋಟದ ಒಬ್ಬ ದೊರೆ, ದೇಶ ಬಿಟ್ಟು ಹೋಗುವಾಗ. ನಮ್ಮದು ಅಳಿಯಸಂತಾನದ ಮನೆತನ. ಕಾನೂನಿನ ಪ್ರಕಾರ ಆ ಪದ್ಧತಿ ಮುಗಿದಿದೆ, ಆದರೆ ಕೋವಿಗೆ ಕಾನೂನು ಓದಲು ಬರುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಮಾವನಿಗೆ ಸ್ವಂತ ಗಂಡುಮಕ್ಕಳಿಬ್ಬರಿದ್ದರೂ ಅವರ ನಂತರ ಕೋವಿ ಅಕ್ಕನ ಮಗನಾದ ನನಗೇ ಸಲ್ಲಬೇಕು. ನಾನೋ, ಸಿಂಗಪುರದ ರಾಫಲ್ಸ್ ಪ್ಲೇಸಿನಲ್ಲಿ ಒಂದು ಬ್ಯಾಂಕಿನ ಹದಿನೆಂಟನೇ ಮಹಡಿಯಲ್ಲಿ ಕುಳಿತು ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವವನು. ಹುದ್ದೆಯ ಹೆಸರು ಇಂಟರ್ನಲ್ ಆಡಿಟ್. ಜನ್ಮದಲ್ಲಿ ಒಂದು ಇಲಿಯನ್ನೂ ಕೊಂದವನಲ್ಲ. ಕೋವಿಯ ಒಂದು ತೋಟೆ ಕಿಸೆಯಲ್ಲಿ ಸಿಕ್ಕಿದರೂ ಬಾಳು ಮುಗಿಯಿತು ಎಂದು ಜನ ಹೆದರುವ ಊರಿನಲ್ಲಿ ನನ್ನ ವಾಸ. ಇಂಥವನಿಗೆ ಒಂದು ಬೇಟೆಯ ರೈಫಲ್ ಆಸ್ತಿಯಾಗಿ ಬರುವುದಿತ್ತು.

ತೊಂಬತ್ತರ ದಶಕದ ನಡುವಿನ ಒಂದು ವರ್ಷ ದಸರೆಗೆ ರಜೆ ಹಾಕಿ, ಹೆಂಡತಿ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಆಯುಧಪೂಜೆಯ ದಿನ ಮಾವನ ಮನೆಯ ಚಾವಡಿಯಲ್ಲಿ ಹಲಗೆ ಹಾಸಿ ಅದರ ಮೇಲೆ ಕತ್ತಿ, ಹಾರೆ, ಮೆಟ್ಟುಕತ್ತಿ, ಹೊಲಿಗೆ ಮಿಷನ್ನಿನ ಕತ್ತರಿ, ಅತ್ತೆಯ ಮಿಕ್ಸಿ ಎಲ್ಲವನ್ನೂ ಸಾಲಾಗಿ ಇಡುತ್ತಾರೆ. ನಡುವೆ ಕೋವಿ. ಅತ್ತೆ ಬೆಳಿಗ್ಗೆಯಿಂದ ತೇಯ್ದ ಗಂಧವನ್ನು ಬಟ್ಟಲಲ್ಲಿ ಹಿಡಿದುಕೊಂಡು ಬಂದು ಯಾವ ಆಯುಧದ ಯಾವ ಅಂಗಕ್ಕೂ ಅನ್ಯಾಯವಾಗದ ಹಾಗೆ ಹಚ್ಚುತ್ತಾರೆ. ಮೇಲೆ ಕುಂಕುಮ, ಅದರ ಮೇಲೆ ಕೆಂಪು ಕೇಪುಳದ ಹೂವು. ಆರತಿ ಆದ ಮೇಲೆ ಮಾವ ಕೋವಿಯನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸಿಕೊಂಡು ಅಂಗಳಕ್ಕೆ ಇಳಿಯುತ್ತಾರೆ. ಉಳಿದ ಮನೆಗಳಲ್ಲಿ ಬೂದುಗುಂಬಳವನ್ನು ಕಡಿಯುತ್ತಾರೆ, ಇಲ್ಲವೆ ನೆಲಕ್ಕೆ ಒಡೆಯುತ್ತಾರೆ. ನಮ್ಮಲ್ಲಿ ಅದನ್ನು ಗುಡ್ಡದ ಬದಿಯ ಗೇರುಮರದ ಕೊಂಬೆಗೆ ನೇತುಹಾಕಿ, ಮನೆಯ ಯಜಮಾನ ಅಂಗಳದಲ್ಲಿ ನಿಂತು ಗುಂಡು ಹೊಡೆಯಬೇಕು. ಕುಂಬಳ ಒಡೆದ ಮೇಲೆಯೇ ಎಲೆ ಹಾಕುವುದು.

ಆ ವರ್ಷ ಮಾವ ಮೂರು ಗುಂಡು ಹಾರಿಸಿದರು. ಮೊದಲನೆಯದಕ್ಕೆ ಒಂದಷ್ಟು ಗೇರೆಲೆ ಉದುರಿತು. ಎರಡನೆಯದು ಎಲ್ಲಿಗೆ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ. ಮೂರನೆಯದು ಕಾಯಿಯನ್ನು ಕಟ್ಟಿದ್ದ ಹಗ್ಗಕ್ಕೆ ತಾಗಿ, ಕುಂಬಳ ತನ್ನ ಪಾಡಿಗೆ ತಾನು ಬಿದ್ದು ಒಡೆಯಿತು. ನೆಂಟರೆಲ್ಲ ಚಪ್ಪಾಳೆ ತಟ್ಟಿದರು, ಹೊಟ್ಟೆ ಹಸಿದಿತ್ತಲ್ಲ. ಹಗ್ಗಕ್ಕೇ ಗುರಿ ಇಟ್ಟದ್ದು ಎಂದು ಮಾವ ಹೇಳಲಿಲ್ಲ. ಮೂವತ್ತು ಹಂದಿಯ ಮನುಷ್ಯ ಅಷ್ಟರ ಮಟ್ಟಿಗೆ ಸತ್ಯವಂತ.

ಊಟವಾದ ಮೇಲೆ ಅವರು ನನ್ನನ್ನು ಬದಿಗೆ ಕರೆದರು. ಮಾವ ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ಕೋವಿಯ ದುರ್ಬೀನು ಹಾಳಾಗಿದೆ ಮಾರಾಯ. ಒಳಗೆಲ್ಲ ಹೊಗೆ ಹೊಗೆ. ಸುತ್ತ ಕಪ್ಪು ಬರ್ತದೆ, ನಡುವೆ ಒಂದು ಪಾವಲಿಯಷ್ಟು ಜಾಗದಲ್ಲಿ ಮಾತ್ರ ಕಾಣೋದು."

ಎಲೆ ತೆಗೆಯುತ್ತಿದ್ದ ಅತ್ತೆ ಅಲ್ಲಿಂದಲೇ ಹೇಳಿದರು: "ದುರ್ಬೀನಿನದ್ದು ಹಾಗಿರ್ಲಿ. ಇವ್ರು ಈಗೀಗ ಬಾಗಿಲ ದಾರಂದಕ್ಕೂ ಭುಜ ತಾಗಿಸ್ಕೊಳ್ತಾರೆ. ಬಲಗೈಯಲ್ಲಿ ಒಂದು ನೀಲಿ ಕಲೆ ಮಾಸುವ ಮೊದ್ಲು ಇನ್ನೊಂದು."

"ಹಾಗಾದ್ರೆ ದಾರಂದಕ್ಕೂ ಒಂದು ದುರ್ಬೀನು ಹಾಕಿಸುವಾ ಅತ್ತೆ" ಎಂದೆ ನಾನು. ಎಲ್ಲರೂ ನಕ್ಕರು. ನನಗೆ ನನ್ನ ಮಾತು ಬಹಳ ಇಷ್ಟವಾಯಿತು.

ಮಾವ ನಗಲಿಲ್ಲ. ತಿರುಪುಗಳನ್ನು ಬಿಚ್ಚಿ ದುರ್ಬೀನನ್ನು ಕೋವಿಯಿಂದ ತೆಗೆದು ನನ್ನ ಕೈಯಲ್ಲಿಟ್ಟರು. ಹಳೆಯ ಜರ್ಮನ್ ಮಾಲು, ಕಪ್ಪು ಬಣ್ಣ ಹೋಗಿ ಹಿತ್ತಾಳೆ ಇಣುಕುತ್ತಿತ್ತು. "ಕೋವಿ ಹೇಗೂ ನಿನ್ನದೇ. ಬರುವ ದಸರೆಗೆ ಕುಂಬಳ ಒಡೆಯುವಾಗ ಹೊಸತು ಬೇಕು. ಇದನ್ನು ಅಳತೆಗೆ ತೆಗೊಂಡು ಹೋಗು. ಸಿಂಗಪುರದಲ್ಲಿ ಸಿಕ್ಕದ್ದು ಏನುಂಟು?" ಎಂದರು. ದುರ್ಬೀನು ಹಾಕಿಸುವ ಕಾಲದಲ್ಲಿ ಹಿಂದಿನ ಯಜಮಾನರು ನಳಿಗೆಯ ತುದಿಯ ಗುರಿಮೊನೆಯನ್ನು ಅರದಿಂದ ಉಜ್ಜಿ ತೆಗೆಸಿದ್ದರು. ಹಾಗಾಗಿ ದುರ್ಬೀನು ಇಲ್ಲದ ಆ ಕೋವಿ ಬರೇ ಒಂದು ಭಾರದ ಕೋಲು. ವರ್ಷವಿಡೀ ಅದು ಗೋಡೆಯಲ್ಲಿ ತೂಗಬೇಕಾಯಿತು, ನಾನು ಹೊಸ ದುರ್ಬೀನು ತರುವವರೆಗೆ.

ಅದನ್ನು ಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟು ತಂದೆ. ಚಾಂಗಿ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಪೆಟ್ಟಿಗೆ ತೆರೆಸಿದ. ನಾನು ಬೆವರುತ್ತಾ "ಟೆಲಿಸ್ಕೋಪ್, ನಮ್ಮ ಮಾವನದ್ದು" ಎಂದೆ. ಆತ ಕಿಟಕಿಯ ಕಡೆ ತಿರುಗಿ ಅದರಲ್ಲಿ ಕಣ್ಣಿಟ್ಟು ನೋಡಿ, "ಸ್ಪಾಯ್ಲ್ಡ್ ಲಾ" ಎಂದು ಸಿಂಗಪುರದ ಇಂಗ್ಲಿಷಿನಲ್ಲಿ ಹೇಳಿ ಹಿಂದಕ್ಕೆ ಕೊಟ್ಟ. ನನ್ನ ಆಸ್ತಿಗೆ ಸಿಕ್ಕಿದ ಮೊದಲ ಸರಕಾರಿ ಬೆಲೆ ಅದು.

ಇನ್ನು ಆಯ್ಕೆಯ ವಿಷಯ. ಆಗ ಪ್ರತಿ ಭಾನುವಾರ ನಾವು ಕನ್ನಡದ ನಾಲ್ಕೈದು ಸಂಸಾರಗಳು ಒಬ್ಬರ ಕಾಂಡೋ ಮನೆಯಲ್ಲಿ ಸೇರುತ್ತಿದ್ದೆವು. ಆ ಮನೆಯ ಯಜಮಾನರು ಉಡುಪಿ ಕಡೆಯವರು, ಇನ್ನೊಂದು ಬ್ಯಾಂಕಿನಲ್ಲಿ ವೈಸ್ ಪ್ರೆಸಿಡೆಂಟ್. ನನ್ನ ಮಗಳು ಅವರನ್ನು ಅಂಕಲ್ ಎನ್ನುತ್ತಿದ್ದಳು, ಕ್ರಮೇಣ ನಾವೂ ಅಂಕಲ್ ಎನ್ನತೊಡಗಿದೆವು. ಬುಕಿತ್ ಪಂಜಾಂಗಿನ ನಮ್ಮ ಫ್ಲ್ಯಾಟಿನಿಂದ ಅಲ್ಲಿಗೆ ಒಂದು ಬಸ್ಸು, ಎರಡು ರೈಲು. ನಮ್ಮಲ್ಲಿ ಇನ್ನೂ ಎಲ್‌ಆರ್‌ಟಿಯ ರೈಲುಹಾದಿಯ ಕಂಬಗಳು ಮಾತ್ರ ಎದ್ದಿದ್ದವು. ಅಷ್ಟು ದೂರ ಹೋಗುತ್ತಿದ್ದದ್ದು ಆಂಟಿ ಮಾಡುವ ನೀರುದೋಸೆಗೆ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಅಲ್ಲಿ ಸೇರುವ ಗಂಡಸರನ್ನು ಮನಸ್ಸಿನಲ್ಲೇ ಲೇವಡಿ ಮಾಡುವುದು ನನಗೆ ವಾರದ ಮನರಂಜನೆಯಾಗಿತ್ತು.

ದುರ್ಬೀನನ್ನು ಕಾಫಿ ಟೇಬಲಿನ ಮೇಲೆ ಇಟ್ಟ ಕೂಡಲೇ ಆ ಕೋಣೆಯ ಗಂಡಸರೆಲ್ಲ ಬೇಟೆಗಾರರಾದರು. ಅಂಕಲ್ ಸೋಫಾದಲ್ಲಿ ನೆಟ್ಟಗೆ ಕುಳಿತು, "ನಮ್ಮ ತಂದೆ ಹುಲಿ ಹೊಡೆದಿದ್ದಾರೆ ಗೊತ್ತುಂಟಾ?" ಎಂದರು. ಅವರ ತಂದೆ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದರು. ಹುಲಿ ಯಾವ ಟೇಬಲಿನಲ್ಲಿ ಕುಳಿತಿತ್ತು ಎಂದು ನಾನು ಕೇಳಲಿಲ್ಲ.

"ತಗೊಳ್ಳುದಾದ್ರೆ ವೇರಿಯಬಲ್ ತಗೊಳ್ಳಿ" ಎಂದರು ಅಂಕಲ್. "ಮೂರರಿಂದ ಒಂಬತ್ತು ಪಟ್ಟು. ಹಂದಿ ಹತ್ರ ಇದ್ರೆ ಮೂರು, ದೂರ ಇದ್ರೆ ಒಂಬತ್ತು."

"ಹಂದಿ ಇಲ್ಲ ಅಂಕಲ್. ಬೂದುಗುಂಬಳ" ಎಂದೆ.

"ಏನೇ ಆಗ್ಲಿ, ಆಪ್ಷನ್ ಇರ್ಬೇಕು."

ಅಲ್ಲಿದ್ದ ಇನ್ನೊಬ್ಬ ಮೈಸೂರಿನ ಸಾಫ್ಟ್‌ವೇರ್ ಎಂಜಿನಿಯರ್. ಜೀವನದಲ್ಲಿ ಅವನು ಕೈಯಲ್ಲಿ ಹಿಡಿದ ಅತ್ಯಂತ ಅಪಾಯಕಾರಿ ಆಯುಧವೆಂದರೆ ಸ್ಟೇಪ್ಲರ್. ಅವನ ಆಫೀಸಿನಲ್ಲಿ ಇಂಟರ್ನೆಟ್ ಬಂದಿತ್ತು. ಮುಂದಿನ ಭಾನುವಾರ ಅಮೆರಿಕದ ಬೇಟೆಗಾರರು ಪರಸ್ಪರ ಬರೆದುಕೊಂಡಿದ್ದ ಪತ್ರಗಳ ಒಂದು ಕಟ್ಟನ್ನೇ ಪ್ರಿಂಟ್ ಹೊಡೆಸಿ ತಂದ. ಅದರ ಮುಂದಿನ ಭಾನುವಾರ ಹದಿನಾಲ್ಕು ಸ್ಕೋಪುಗಳನ್ನು ಹೋಲಿಸುವ ಒಂದು ಸ್ಪ್ರೆಡ್‌ಶೀಟ್ ಬಂತು. ಮುಂದಿನ ಗಾಜು ಎಷ್ಟು ಅಗಲ, ತೂಕ ಎಷ್ಟು, ಮಂಜಿನಲ್ಲಿ ಹೇಗೆ, ಹಿಮದಲ್ಲಿ ಹೇಗೆ. ಕಾರ್ಕಳದ ಬದಿಯ ಗೇರುಗುಡ್ಡದಲ್ಲಿ ಹಿಮ ಬಿದ್ದರೆ ನಮ್ಮ ಕುಂಬಳ ಒಡೆಯುವುದಕ್ಕೆ ತೊಂದರೆಯಾಗಬಾರದೆಂಬುದು ಅವನ ಕಾಳಜಿ.

"ನೋಡಿ ಸಾರ್" ಎಂದ ಅವನು, "ನಿಮ್ ಮಾವ ಹೇಳಿದ್ರಲ್ಲ, ಸುತ್ತ ಕಪ್ಪು ಬರುತ್ತೆ ಅಂತ? ಅದು ಕ್ಲಾಸಿಕ್ ಪ್ರಾಬ್ಲಂ. ಕಣ್ಣಿಗೂ ಗಾಜಿಗೂ ಇರ್ಬೇಕಾದ ಡಿಸ್ಟೆನ್ಸ್ ಕರೆಕ್ಟಾಗಿ ಸೆಟ್ ಆಗಿಲ್ಲ ಅಂದ್ರೆ ಹಾಗೇ ಕಪ್ಪು ರಿಂಗ್ ಬರುತ್ತೆ. ಇಲ್ ನೋಡಿ, ಮೊಂಟಾನದವ್ನು ಒಬ್ಬ ಬರ್ದಿದಾನೆ."

ಮೊಂಟಾನದವನು ಹಾಗೆಯೇ ಬರೆದಿದ್ದ. ಅದು ಸುಳ್ಳೂ ಅಲ್ಲ, ಯಾವ ದುರ್ಬೀನಿನಲ್ಲಾದರೂ ಕಣ್ಣನ್ನು ಹಿಂದೆಮುಂದೆ ಮಾಡಿದರೆ ಅಂಚು ಕಪ್ಪಾಗುತ್ತದೆ. ಪುಸ್ತಕದ ಉತ್ತರ ಸಿಕ್ಕಿತು, ಎಲ್ಲರಿಗೂ ಸಮಾಧಾನವಾಯಿತು. ಆ ಒಂದು ಅಂಕಣವನ್ನು ಅವನು ಹಳದಿ ಬಣ್ಣದಲ್ಲಿ ಗುರುತು ಮಾಡಿದ.

ಹೀಗೆ ದೀಪಾವಳಿ ಕಳೆಯಿತು, ಚೀನೀ ಹೊಸವರ್ಷ ಕಳೆಯಿತು. ಒಂದು ಭಾನುವಾರ ತೀರ್ಮಾನವಾದದ್ದು ಮುಂದಿನ ಭಾನುವಾರ ರದ್ದಾಗುತ್ತಿತ್ತು. ಒಬ್ಬರಿಗೆ ಜಪಾನಿನದು ಬೇಕು, ಇನ್ನೊಬ್ಬನಿಗೆ ಅಮೆರಿಕದ್ದು. ನಾನು ಊಟದ ಬಿಡುವಿನಲ್ಲಿ ಒಂದು ಕ್ಯಾಮೆರಾ ಅಂಗಡಿಗೆ ಹೋಗಿ ರೈಫಲಿನ ಸ್ಕೋಪ್ ಇದೆಯೇ ಎಂದು ವಿಚಾರಿಸಿದೆ. ಮಾರುವವನು ಎರಡು ಹೆಜ್ಜೆ ಹಿಂದೆ ಸರಿದು, ಹಕ್ಕಿ ನೋಡುವ ಬೈನಾಕ್ಯುಲರ್ ಇದೆ ಎಂದು ಬಹಳ ವಿನಯದಿಂದ ಹೇಳಿದ. ಮನೆಗೆ ಬಂದು ಹೇಳಿದರೆ ಮಗಳು, "ಗನ್ನಿಂದು ಕೇಳ್ಬಾರ್ದು ಲಾ ಪಪ್ಪಾ, ಪೊಲೀಸ್ ಬರ್ತಾರೆ" ಎಂದು ಹೆದರಿಸಿದಳು. ಆರು ವರ್ಷದ ಅವಳೊಬ್ಬಳು ಈ ವಿಷಯದಲ್ಲಿ ಸರಿಯಾದ ಮಾತು ಆಡಿದ್ದು.

ಈ ನಡುವೆ ಮಾವನಿಂದ ಇನ್‌ಲ್ಯಾಂಡಿನಂಥ ನೀಲಿ ಏರೋಗ್ರಾಂ ಕಾಗದಗಳು ಬರುತ್ತಿದ್ದವು. ವಿಷಯ ಒಂದೇ: ದುರ್ಬೀನು ಏನಾಯಿತು? ಆದರೆ ಆ ಕಾಗದಗಳ ವಿಶೇಷ ಬೇರೆ ಇತ್ತು. ಪ್ರತಿ ಸಾಲಿನ ಕೊನೆಯ ಪದ ಅರ್ಧಕ್ಕೇ ನಿಂತಿರುತ್ತಿತ್ತು. ಬಲಬದಿಯ ಅಂಚು ಎಲ್ಲಿ ಮುಗಿಯುತ್ತದೆಂದು ನೋಡದೆ ಬರೆದಂತೆ ಅಕ್ಷರಗಳು ಕಾಗದ ದಾಟಿ ಮೇಜಿನ ಮೇಲೆ ಹೋಗಿರಬೇಕು. 'ದುರ್ಬೀ' ಎಂದು ನಿಂತರೆ 'ನು' ಊರಿನ ಮೇಜಿನಲ್ಲಿ ಉಳಿದಿತ್ತು. ಮಾವ ಮೊದಲು ಮುತ್ತಿನ ಹಾಗೆ ಬರೆಯುತ್ತಿದ್ದವರು. ನಾನು ಒಂದು ಕಾಗದವನ್ನು ಕಾಂಡೋಕ್ಕೆ ಒಯ್ದು, ಎಲ್ಲಿ ಮುರಿದಿತ್ತೋ ಅಲ್ಲಲ್ಲೇ ನಿಲ್ಲಿಸಿ ನಿಲ್ಲಿಸಿ ಗಟ್ಟಿಯಾಗಿ ಓದಿದೆ. ಆಂಟಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ನಮ್ಮ ಮಾವನಿಗೆ ಗುಂಡು ಮಾತ್ರ ಅಲ್ಲ, ಅಕ್ಷರವೂ ಗುರಿ ತಪ್ತದೆ" ಎಂದೆ. ಅಂದಿನಿಂದ ಪ್ರತಿ ಭಾನುವಾರ ಅಂಕಲ್, "ಕಾಗದ ಬಂತಾ? ಓದಿ ಮಾರಾಯ್ರೆ" ಎಂದು ಕೇಳುವುದು ರೂಢಿಯಾಯಿತು. ನಾನೂ ಓದಿದೆ, ಒಂದಲ್ಲ, ನಾಲ್ಕು ಕಾಗದ.

ಮೇ ತಿಂಗಳಲ್ಲಿ ಎಂಜಿನಿಯರ್ ಒಂದು ಹೊಸ ತೊಡಕು ಕಂಡುಹಿಡಿದ. ಹಳೆಯ ಜರ್ಮನ್ ದುರ್ಬೀನಿನ ಕೊಳವೆ ಈಗಿನವುಗಳಿಗಿಂತ ಕೂದಲೆಳೆಯಷ್ಟು ದಪ್ಪ. ಕೋವಿಯ ಮೇಲಿರುವ ಹಿಡಿಬಳೆಗಳಲ್ಲಿ ಹೊಸದು ಗಟ್ಟಿ ಕೂರುವುದಿಲ್ಲ, ಬಳೆ ಬೇರೆ ಮಾಡಿಸಬೇಕು, ಅದಕ್ಕೆ ಮೊದಲು ಸರಿಯಾದ ಅಳತೆ ಬೇಕು. ಯಾರೋ ಉಬಿ ಎಂಬ ಕೈಗಾರಿಕಾ ಬಡಾವಣೆಯಲ್ಲಿ ಒಬ್ಬ ಚೀನೀ ಮುದುಕ ಇದ್ದಾನೆಂದರು. ಸರ್ವೆಯವರ ಯಂತ್ರ, ಸೂಕ್ಷ್ಮದರ್ಶಕ, ಹಡಗಿನ ದುರ್ಬೀನು ರಿಪೇರಿ ಮಾಡುವವನು. ಒಂದು ಶನಿವಾರ ಶೂ ಪೆಟ್ಟಿಗೆಯಲ್ಲಿ ದುರ್ಬೀನನ್ನು ಇಟ್ಟುಕೊಂಡು ಹೋದೆ. ಕಾರು ರಿಪೇರಿಯ ಗ್ಯಾರೇಜುಗಳ ನಡುವೆ ಮೂರನೇ ಮಹಡಿಯಲ್ಲಿ ಅವನ ಕೋಣೆ. ಒಳಗೆ ಒಂದು ಕಣ ಧೂಳಿಲ್ಲ. ಬನಿಯನ್ ಹಾಕಿಕೊಂಡು, ಹಣೆಯ ಮೇಲೆ ಭೂತಗಾಜು ಏರಿಸಿಕೊಂಡು ಕುಳಿತಿದ್ದ.

ನಾನು ಅಳತೆ ಕೇಳಿದೆ. ಅವನು ಅಳತೆ ತೆಗೆಯುವ ಬದಲು ದುರ್ಬೀನನ್ನು ಬೆಳಕಿಗೆ ಹಿಡಿದು ನೋಡಿ, ಕೇಳದೆಯೇ ಬಿಚ್ಚತೊಡಗಿದ. ಗಾಜಿನ ಅಂಚಿನ ಬಳೆ ತಿರುಗಿಸಿದಾಗ ಬಿಳಿ ಕಾಗದದ ಮೇಲೆ ಹಳದಿ ಪುಡಿ ಉದುರಿತು. ಸಂದಿನಲ್ಲಿ ಪದರ ಪದರವಾಗಿ ಗಟ್ಟಿ ಕಟ್ಟಿದ್ದ ಏನನ್ನೋ ಅವನು ಸೂಜಿಯಲ್ಲಿ ಎಬ್ಬಿಸಿದ. ನಡುನಡುವೆ ಕೆಂಪು.

"ಇದು ಏನು? ಕರಿ ಪೌಡರಾ?" ಎಂದು, ಸಾಂಬಾರಪುಡಿಯೇನೋ ಎಂಬಂತೆ, ಇಂಗ್ಲಿಷಿನಲ್ಲಿ ಕೇಳಿದ. ಮೂಸಿ ನೋಡಿದ. ಅವನ ಮುಖ ಬದಲಾಯಿತು. "ಓ, ಊದುಬತ್ತಿ ವಾಸನೆ."

ಗಂಧ. ಅತ್ತೆ, ಅವರಿಗಿಂತ ಮೊದಲು ಅವರ ಅತ್ತೆ, ವರ್ಷ ವರ್ಷ ಆಯುಧಪೂಜೆಗೆ ದುರ್ಬೀನಿನ ಎರಡೂ ಗಾಜಿಗೆ ಮೆತ್ತಿದ ಗಂಧ, ಕುಂಕುಮ. ದೇವರಿಗೆ ಹಣೆ ಇದ್ದ ಹಾಗೆ ದುರ್ಬೀನಿಗೆ ಗಾಜು ಎಂದುಕೊಂಡಿದ್ದರು ಪಾಪ. ಮಾವ ಬೈರಾಸಿನಲ್ಲಿ ಒರೆಸಿದಷ್ಟೂ ಅದು ಅಂಚಿನ ಸಂದಿಗೆ ಇಳಿದು ಒಳಗೆ ಹೊಗೆಯಾಗಿತ್ತು. ಜಗತ್ತಿನಲ್ಲಿ ಬೇಟೆಯ ದುರ್ಬೀನಿಗೆ ನಾಮ ಹಾಕಿ ಕುರುಡು ಮಾಡಿದ ಜನ ನಾವೊಬ್ಬರೇ ಇರಬೇಕು. ನಾನು ಆ ಕೋಣೆಯಲ್ಲಿ ಒಬ್ಬನೇ ಬಿದ್ದು ಬಿದ್ದು ನಕ್ಕೆ.

ಮುದುಕ ನಗದೆ ಎರಡು ಗಂಟೆ ಕೆಲಸ ಮಾಡಿದ. ಮತ್ತೆ ಜೋಡಿಸಿ ಕಿಟಕಿಯ ಹತ್ತಿರ ಕೊಟ್ಟ. ರಸ್ತೆಯ ಆಚೆ ಗ್ಯಾರೇಜಿನಲ್ಲಿ ನಿಂತಿದ್ದ ಲಾರಿಯ ನಂಬರ್ ಮಾತ್ರವಲ್ಲ, ಅದರ ಮೇಲಿನ ಒಣಗಿದ ಕೆಸರೂ ಕಂಡಿತು. ಹಳೆಯ ಗಾಜು, ಹೊಸ ಬೆಳಕು.

"ಹೊಸದು ತಗೋಬೇಡ. ಇಷ್ಟು ಒಳ್ಳೆಯ ಗಾಜು ಈಗ ಸಿಗೋದಿಲ್ಲ" ಎಂದ. ಮಾವನ ದೂರನ್ನು ನಾನು ಅವನಿಗೆ ಹೇಳಿದ್ದೆ. ಅದನ್ನು ನೆನಪಿಟ್ಟುಕೊಂಡಿದ್ದ. "ಹೊಗೆ ಇತ್ತು, ತೆಗೆದೆ. ಆದ್ರೆ ಸುತ್ತ ಕಪ್ಪು ಅಂದ್ಯಲ್ಲ, ಅದು ಇದರಲ್ಲಿ ಇರಲಿಲ್ಲ." ಹಣೆಯ ಭೂತಗಾಜನ್ನು ತೆಗೆದು ಕೆಳಗಿಟ್ಟು ತನ್ನ ಬಲಗಣ್ಣಿನ ಕೆಳಗೆ ಬೆರಳಿಟ್ಟು ತೋರಿಸಿದ. "ನಿನ್ನ ಮಾವನದ್ದು ಇಲ್ಲಿ ಚೆಕ್ ಮಾಡಿಸು."

ನನಗೆ ಮುದುಕನ ಅಧಿಕಪ್ರಸಂಗ ಎನಿಸಿತು. ದುರ್ಬೀನು ರಿಪೇರಿಯವನು ಡಾಕ್ಟರಾಗಲು ಹೊರಟಿದ್ದಾನೆ ಎಂದುಕೊಂಡೆ.

ಮನೆಗೆ ಬಂದು ಹೆಂಡತಿಗೆ ಗಂಧದ ಕಥೆ ಹೇಳಿದೆ. ನಕ್ಕಳು. ಮುದುಕ ಕೊನೆಯಲ್ಲಿ ಹೇಳಿದ್ದನ್ನೂ ತಮಾಷೆಗೆ ಸೇರಿಸಿದೆ. ಆಗ ಅವಳು ನಗುವುದನ್ನು ನಿಲ್ಲಿಸಿದಳು.

"ಒಂದು ಫೋನ್ ಮಾಡಿ ಹೇಳಿ. ಕಣ್ಣು ತೋರಿಸ್ಲಿ. ಅತ್ತೆ ಆವತ್ತೇ ಹೇಳ್ತಿದ್ರಲ್ಲ, ದಾರಂದಕ್ಕೆ ತಾಗಿಸ್ಕೊಳ್ತಾರೆ ಅಂತ."

"ಹೇಳ್ತೇನೆ. ದಸರೆಗೆ ಹೋಗ್ತೇವಲ್ಲ, ಎದುರಿಗೇ ಹೇಳ್ತೇನೆ."

"ದಸರೆಗೆ ಇನ್ನೂ ಐದು ತಿಂಗಳುಂಟು."

ಐದು ತಿಂಗಳಿತ್ತು. ಆದರೆ ಫೋನಿನಲ್ಲಿ ಹೇಳಿದರೆ ಗಂಧದ ಸುದ್ದಿ ಅವರಿಗೆ ಮೊದಲೇ ಗೊತ್ತಾಗಿಬಿಡುತ್ತಿತ್ತು. ಕಣ್ಣು ತೋರಿಸಿ ಎನ್ನಬೇಕಾದರೆ ದುರ್ಬೀನು ಸರಿಯಾಗಿದೆ ಎನ್ನಬೇಕು, ಸರಿಯಾದದ್ದು ಹೇಗೆ ಎಂದು ಅವರು ಕೇಳಿಯೇ ಕೇಳುತ್ತಾರೆ. ನನಗೆ ಅದನ್ನು ನೆಂಟರೆಲ್ಲ ಸೇರಿದ ಚಾವಡಿಯಲ್ಲಿ, ಗಂಧದ ಬಟ್ಟಲು ಅತ್ತೆಯ ಕೈಯಲ್ಲಿರುವಾಗ ಹೇಳಬೇಕಿತ್ತು. ಮೂವತ್ತು ಹಂದಿಯ ಬೇಟೆಗಾರನ ಮುಖ ಆಗ ಹೇಗಾಗುತ್ತದೆಂದು ನೋಡಬೇಕಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೆ ಕಾರಣ ಇದೇ, ಬೇರೆ ಯಾವ ಕಾರಣವೂ ಇರಲಿಲ್ಲ. 'ದುರ್ಬೀನು ಸಿಕ್ಕಿದೆ, ದಸರೆಗೆ ತರುತ್ತೇನೆ' ಎಂದು ಎರಡು ಸಾಲು ಬರೆದು ಹಾಕಿದೆ. ಕಾಂಡೋದಲ್ಲಿ ಮಾತ್ರ ಕರಿ ಪೌಡರಿನ ಕಥೆಯನ್ನು ಅಭಿನಯ ಮಾಡಿ ತೋರಿಸಿದೆ. ಎಂಜಿನಿಯರ್ ಸ್ಪ್ರೆಡ್‌ಶೀಟಿಗೆ 'ಗಂಧ ನಿರೋಧಕ' ಎಂದು ಇನ್ನೊಂದು ಅಂಕಣ ಸೇರಿಸಿದ. ಎಷ್ಟೋ ವಾರ ಅದೇ ನಗು.

ಮತ್ತೆ ಆಯುಧಪೂಜೆ ಬಂತು. ಚಾವಡಿಯಲ್ಲಿ ಅದೇ ಹಲಗೆ, ಅದೇ ಸಾಲು. ಮಾವ ಸ್ವಲ್ಪ ಇಳಿದಿದ್ದರು. ನನ್ನನ್ನು ನೋಡಿದ ಕೂಡಲೇ "ತಂದಿಯಾ?" ಎಂದರು, ಕ್ಷೇಮ ಕೇಳುವ ಮೊದಲೇ. ನಾನು ಶೂ ಪೆಟ್ಟಿಗೆ ತೆರೆದೆ. ಹೊಸದರ ಬದಲು ಹಳೆಯದನ್ನೇ ಕಂಡು ಅವರ ಮುಖ ಸಣ್ಣದಾಯಿತು. ಅದೇ ಸಮಯ ನೋಡಿ ನಾನು ನೆಂಟರೆಲ್ಲರ ಎದುರು ಭಾಷಣ ಮಾಡಿದೆ. ಉಬಿಯ ಮುದುಕ, ಬಿಳಿ ಕಾಗದ, ಹಳದಿ ಪುಡಿ, ಕರಿ ಪೌಡರಾ ಎಂದು ಕೇಳಿದ್ದು, ಯಾವುದನ್ನೂ ಬಿಡಲಿಲ್ಲ. ಇಡೀ ಚಾವಡಿ ನಕ್ಕಿತು. ಅತ್ತೆ ಗಂಧದ ಬಟ್ಟಲನ್ನು ಸೆರಗಿನ ಮರೆಗೆ ಸರಿಸಿಕೊಂಡರು. ಮಾವ ತಲೆ ತಗ್ಗಿಸಿ, "ಛೇ, ಹೌದಾ" ಎಂದರು. ನಾನು ಐದು ತಿಂಗಳು ಕಾದದ್ದು ಆ ಮುಖಕ್ಕೆ.

"ಈಗ ನೋಡಿ ಮಾವ, ಹೊಸತರ ಹಾಗೆ ಆಗಿದೆ" ಎಂದು ದುರ್ಬೀನನ್ನು ಕೋವಿಗೆ ಬಿಗಿದು, ಎರಡೂ ತುದಿಯ ಚರ್ಮದ ಮುಚ್ಚಳಗಳನ್ನು ತೆಗೆದು, ಅವರ ಕೈಗೆ ಕೊಟ್ಟೆ. ಅಂಗಳದಲ್ಲಿ ಎಲ್ಲರೂ ಸುತ್ತ ನಿಂತರು. ಗೇರುಮರದಲ್ಲಿ ಬೂದುಗುಂಬಳ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಮಾವ ಕೋವಿಯನ್ನು ಭುಜಕ್ಕೆ ಏರಿಸಿದರು. ಬಲಗಣ್ಣನ್ನು ಗಾಜಿಗೆ ತಂದು ಎಡಗಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ನಿಂತರು.

"ಮುಚ್ಚಳ ತೆಗಿಲಿಲ್ವಾ ಅಳಿಯ?" ಎಂದರು.

ಒಂದಿಬ್ಬರು ನಕ್ಕರು. ನನ್ನ ಮಾತಿಗೆ ಮಾವ ಸೇಡು ತೀರಿಸಿಕೊಳ್ಳುತ್ತಿದ್ದಾರೆಂದು ನಾನೂ ನಕ್ಕೆ. ಮುಚ್ಚಳಗಳೆರಡೂ ನನ್ನ ಅಂಗೈಯಲ್ಲಿದ್ದವು.

"ತೆಗ್ದಿದ್ದೇನೆ ಮಾವ."

"ಇಲ್ಲ ಮಾರಾಯ, ಮುಂದಿಂದು ಉಂಟು" ಎಂದು ಅವರು ಎಡಗೈ ಚಾಚಿ ದುರ್ಬೀನಿನ ತುದಿಯನ್ನು ಮುಟ್ಟಿ ನೋಡಿದರು. ಬರೀ ಗಾಜು. ಮತ್ತೊಮ್ಮೆ ಮುಟ್ಟಿದರು. ಆಮೇಲೆ ಕೋವಿಯನ್ನು ಕೆಳಗಿಳಿಸಿ, ಅದೇ ಕೈಯಿಂದ ಎಡಗಣ್ಣನ್ನು ಮುಚ್ಚಿಕೊಂಡು ನನ್ನ ಕಡೆ, ಅತ್ತೆಯ ಕಡೆ, ಆಕಾಶದ ಕಡೆ ತಿರುಗಿದರು. ಯಾರೂ ಈಗ ನಗುತ್ತಿರಲಿಲ್ಲ. ಅತ್ತೆ ಬಂದು ಕೋವಿ ತೆಗೆದುಕೊಂಡರು. ಆ ವರ್ಷ ಕುಂಬಳವನ್ನು ಮರದಿಂದ ಇಳಿಸಿ ಕತ್ತಿಯಲ್ಲಿ ಕಡಿದರು. ಯಾರಿಗೂ ಊಟ ಸೇರಲಿಲ್ಲ.

ಎರಡು ದಿನ ಬಿಟ್ಟು ಮಂಗಳೂರಿಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಸಣ್ಣ ಪ್ರಾಯದ ಹೆಂಗಸು. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುವ ಕಾಯಿಲೆ, ಅಂಚಿನಿಂದ ಕಪ್ಪಾಗುತ್ತಾ ನಡುವಿಗೆ ಬರುತ್ತದೆ, ನೋವಿರುವುದಿಲ್ಲ ಎಂದು ವಿವರಿಸಿದರು. ಬಲಗಣ್ಣು ಹೋಗಿದೆ, ಬರುವುದಿಲ್ಲ. ಎಡಗಣ್ಣಿಗೆ ಶುರುವಾಗಿದೆ, ದಿನಾ ಹನಿ ಹಾಕಿದರೆ ಉಳಿಯಬಹುದು.

"ಒಂದು ಕಣ್ಣು ಪೂರ್ತಿ ಹೋಗುವವರೆಗೆ ಗೊತ್ತೇ ಆಗ್ಲಿಲ್ವಾ?" ಎಂದು ಕೇಳಿದರು.

"ಎರಡೂ ತೆರ್ದಿರುವಾಗ ಕಾಣ್ತಿತ್ತಲ್ಲ" ಎಂದರು ಮಾವ. "ಎಡಗಣ್ಣು ಮುಚ್ಚೋದು ಗುರಿ ಹಿಡಿಯುವಾಗ ಮಾತ್ರ. ಹೋದ ವರ್ಷ ದುರ್ಬೀನಿನಲ್ಲಿ ಸುತ್ತ ಕಪ್ಪು ಬರ್ತಿತ್ತು, ಈ ವರ್ಷ ದುರ್ಬೀನೇ ಇರ್ಲಿಲ್ಲ."

"ಹೋದ ವರ್ಷ ಕಪ್ಪು ಬರ್ತದೆ ಅಂದಾಗ್ಲೇ ಬಂದಿದ್ರೆ ಇಷ್ಟು ಹೋಗ್ತಿರ್ಲಿಲ್ಲ. ಒಂದು ವರ್ಷ ಏನ್ ಮಾಡ್ತಿದ್ರಿ?"

ಮಾವ ನನ್ನ ಕಡೆ ತಿರುಗಿದರು. ತಪ್ಪು ಹೊರಿಸಲು ಅಲ್ಲ, ಉತ್ತರ ನನಗೆ ಗೊತ್ತಿರಬಹುದೆಂದು, ನಾನು ಓದಿದವನೆಂದು. ಅವರ ಕಣ್ಣು ಹಾಳಾಗುತ್ತಿದೆ ಎಂದು ಹೇಳಬಲ್ಲ ವಸ್ತು ಆ ಮನೆಯಲ್ಲಿ ಒಂದೇ ಇತ್ತು. ಅದನ್ನು ನಾನು ಬುಕಿತ್ ಪಂಜಾಂಗಿನಲ್ಲಿ ಶೂ ಪೆಟ್ಟಿಗೆಯೊಳಗೆ ಒಂದು ವರ್ಷ ಇಟ್ಟುಕೊಂಡಿದ್ದೆ. ಹದಿನಾಲ್ಕು ಸ್ಕೋಪು ಹೋಲಿಸಿ ನೋಡಿದ್ದೆವು, ಕಣ್ಣೊಂದನ್ನು ಬಿಟ್ಟು. ನನಗೆ ಡಾಕ್ಟರ ಮೇಜಿನ ಮೇಲೆ ತಲೆ ಇಟ್ಟು ಅಳಬೇಕೆನಿಸಿತು. ಅಳಲಿಲ್ಲ, ಚೀಟಿ ತೆಗೆದುಕೊಂಡು ಔಷಧಿ ಅಂಗಡಿಗೆ ಹೋದೆ.

ಸಿಂಗಪುರಕ್ಕೆ ಬಂದ ಮೇಲಿನ ಮೊದಲ ಭಾನುವಾರ ಕಾಂಡೋದಲ್ಲಿ ಅಂಕಲ್ ಬಾಗಿಲಲ್ಲೇ, "ಹೇಗಿತ್ತು ಮಾವನ ಮುಖ?" ಎಂದು ನಗುತ್ತಾ ಕೇಳಿದರು. ಹೇಳಿದೆ. ಆಂಟಿ ಎದ್ದು ಒಳಗೆ ಹೋದರು. ಆಮೇಲೆ ಅಂಕಲ್, "ಎಡಗಣ್ಣು ಸರಿ ಇದ್ರೆ ಎಡಗೈಯವರ ರೈಫಲೇ ಬರ್ತದೆ ಅಲ್ವಾ?" ಎಂದರು. ಎಂಜಿನಿಯರ್ ಕೂಡಲೇ, "ಹೌದು ಸಾರ್, ಬೋಲ್ಟ್ ಆ ಕಡೆ ಇರುತ್ತೆ. ನಾನ್ ನೋಡ್ತೀನಿ" ಎಂದು ಪೆನ್ನು ತೆಗೆದ. ಅವರ ಮೇಲೆ ನನಗೆ ಉಕ್ಕಿ ಬಂದ ತಿರಸ್ಕಾರ ಬಹಳ ಹೊತ್ತು ನಿಲ್ಲಲಿಲ್ಲ. ಅವರು ಮಾವನನ್ನು ಕಣ್ಣಿನಿಂದ ಕಂಡವರಲ್ಲ. ಅತ್ತೆಯ ಮಾತು ಕೇಳಿಸಿಕೊಂಡವನು, ಆ ಕಾಗದಗಳನ್ನು ಕೈಯಲ್ಲಿ ಹಿಡಿದವನು ನಾನೊಬ್ಬನೇ. ತಪ್ಪು ಹುಡುಕುವುದು ನನ್ನ ಉದ್ಯೋಗವಾಗಿತ್ತು.

ಡಿಸೆಂಬರಿನಲ್ಲಿ ಮಾವನ ಕಾಗದ ಬಂತು. ಬಿಡಿಸಿದರೆ ಬರಹ ಎಡ ಅರ್ಧದಲ್ಲಿ ಮಾತ್ರ ಇತ್ತು. ಬಲ ಅರ್ಧ ಖಾಲಿ. ಅಂಚು ಕಾಣುವುದಿಲ್ಲವೆಂದು ಅತ್ತೆ ಕಾಗದವನ್ನು ನಡುವೆ ಮಡಿಸಿ, ಬೆರಳಿಗೆ ಸಿಗುವ ಹಾಗೆ ಉಗುರಿನಲ್ಲಿ ಗೀರಿ ಕೊಟ್ಟಿದ್ದರಂತೆ. ಸಾಲುಗಳೆಲ್ಲ ಮಡಿಕೆಯ ಈಚೆಗೇ ನಿಂತಿದ್ದವು. ಕೋವಿಯ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಲು ಅರ್ಜಿ ಕೊಟ್ಟಿದ್ದಾರಂತೆ. ದುರ್ಬೀನನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದಾರಂತೆ. 'ಇನ್ನು ಅದಕ್ಕೆ ಗಂಧ ಹಚ್ಚುವುದು ಬೇಡ, ಅಳಿಯ ಕಷ್ಟಪಟ್ಟು ಸರಿ ಮಾಡಿಸಿದ್ದಾನೆ ಎಂದು ನಿನ್ನ ಅತ್ತೆಗೆ ಹೇಳಿದ್ದೇನೆ' ಎಂದು ಕೊನೆಯಲ್ಲಿ ಬರೆದಿದ್ದರು. ಎರಡು ಸಲ ಓದಿದೆ. ಒಂದು ಅಕ್ಷರವೂ ಕಾಗದ ದಾಟಿ ಹೋಗಿರಲಿಲ್ಲ. ಆ ಭಾನುವಾರ ಅಂಕಲ್ ಕೇಳಿದಾಗ, ಕಾಗದ ಬಂದಿಲ್ಲ ಎಂದೆ.